ಒಂದೇ ಗೂಟಕ್ಕೆ ಎರಡು ಕೈ

ಕಂಪ್ಯೂಟರುಗಳ ವೈಟೂಕೆ ಗಾಬರಿ ತಣ್ಣಗಾದ ವರ್ಷ, ಮಾರ್ಚಿನ ಒಂದು ಇಳಿಹೊತ್ತು. ಸ್ಯಾನ್ ರಮೋನಿನ ಗುಡ್ಡಗಳು ಇನ್ನೂ ಹಸಿರಾಗಿದ್ದವು. ಮುದ್ದೆ ಕಟ್ಟುತ್ತ ನಂಜಮ್ಮ ರಾಗಿ ಬೀಸೋ ಪದ ಗುನುಗುತ್ತಿದ್ದಳು. ಪಕ್ಕದ ಮನೆಯ ಡೇಲ್ ಬೇಲಿಯಾಚೆಯಿಂದ ಗಿಟಾರಿನಲ್ಲಿ ಅದನ್ನೇ ಹಿಡಿದುಬಿಟ್ಟ.

"ಅವ್ವ, ನಿನ್ನ ಪದ ಕಂಟ್ರಿ ಮ್ಯೂಸಿಕ್ಕಂತೆ!" ಮಗ ನಾಗಾರ್ಜುನ ನಕ್ಕ.

"ಏನಾರ ಆಗ್ಲಿ ಬಿಡ್ಲಾ. ಇಬ್ರು ಹೇಳೋ ಪದ ಅದು. ಬೀಸೋ ಕಲ್ಲಿನ ಒಂದೇ ಗೂಟಕ್ಕೆ ಎರಡು ಕೈ. ಒಬ್ರು ಉಸ್ರು ಬಿಟ್ಟಲ್ಲಿ ಇನ್ನೊಬ್ರು ಎತ್ಕೋಬೇಕು. ಒಂದು ಕೈ ಸಡ್ಲಾದ್ರೆ ಕಲ್ಲೇ ಹೇಳ್ತದೆ."

ಆ ಸಂಜೆಯೇ ನಾಗಾರ್ಜುನ, ಅವನ ಹೆಂಡತಿ ವಾಣಿಶ್ರೀ ಸೇರಿ ಆ ಪದಕ್ಕೆ ಹೊಸ ಮಾತು ಕೂಡಿಸಿದರು. ದೀಪ ಹಚ್ಚಿದ್ದೀನಿ, ಬಾ ಮನೆಗೆ ಎಂದು ಅವಳು. ದಾರಿಯಲ್ಲಿದ್ದೀನಿ, ಬಂದೆ ಕಣೆ ಎಂದು ಅವನು. ಯುಗಾದಿಗೆ ಕನ್ನಡ ಕೂಟದಲ್ಲಿ ಹಾಡಿದಾಗ ಜನ ಬಿಡಲೇ ಇಲ್ಲ, ಮತ್ತೆ ಮತ್ತೆ ಹಾಡಿಸಿದರು. ತನ್ನ ಗರಾಜಿನಲ್ಲೇ ಸೀಡಿ ಮಾಡಿಕೊಡುತ್ತೇನೆಂದ ಡೇಲ್.

ಅಷ್ಟರಲ್ಲಿ ನಾಗಾರ್ಜುನನಿಗೆ ಸ್ಟಾರ್ಟಪ್ಪಿನ ಗೀಳು ಹತ್ತಿತು. ಕಚೇರಿಯಿದ್ದ ಮೌಂಟನ್ ವ್ಯೂನಲ್ಲೇ ಅಪಾರ್ಟ್‌ಮೆಂಟು ಹಿಡಿದ. ಮೊದಮೊದಲು ಶನಿವಾರ ಬಂದ. ಆಮೇಲೆ ಮಗಳು ನಿಸರ್ಗಾಳ ಹುಟ್ಟುಹಬ್ಬಕ್ಕೂ ಬರೀ ಫೋನು ಬಂತು.

ಜೂನಿಗೆ ಸೀಡಿ ಹೊರಬಿತ್ತು. ಕೂಟದವರ ಕಾರುಗಳಲ್ಲೆಲ್ಲ ಅದೇ ಹಾಡು. ಗ್ರೋಸರಿ ಅಂಗಡಿಯಲ್ಲಿ ಕೂಟದ ಡಾಕ್ಟರು ಶೈಲಜಾ ವಾಣಿಶ್ರೀಯ ಕೈ ಹಿಡಿದು, "ಏನ್ ಜೋಡಿ ಕಣ್ರೀ! ನಿಮ್ಮ ಹಾಡು ಕೇಳ್ಕೊಂಡೇ ನಮ್ಮನೆಯವರು ಸೀದಾ ಮನೆಗ್ ಬರ್ತಾರೆ" ಎಂದರು. ವಾಣಿಶ್ರೀ ಒಂದೇ ತರದ ಕೊತ್ತಂಬರಿ ಕಟ್ಟುಗಳಲ್ಲಿ ಏನನ್ನೋ ಆರಿಸುತ್ತಲೇ ಇದ್ದಳು.

ವಾಪಸು ಬರುವಾಗ ಕಾರಿನಲ್ಲಿ ನಂಜಮ್ಮ ಹಾಡಿಗೆ ಕಿವಿಗೊಟ್ಟಳು. ಸೊಸೆಯ ಉಸಿರು ಮುಗಿದು ಮಗನದು ಹತ್ತುವ ಮೊದಲು ಕೂದಲೆಳೆಯಷ್ಟು ಖಾಲಿ. ಕಲ್ಲನ್ನು ಒಬ್ಬೊಬ್ಬರೇ ತಿರುಗಿಸಿದ ಹಾಗಿತ್ತು.

"ಒಟ್ಗೆ ಹೇಳಿಲ್ವೇನವ್ವ ನೀವು?"

"ಇಲ್ಲ ಅತ್ತೆ. ಅವರು ಯಾವತ್ತೋ ಡೇಲ್ ಹತ್ರ ಬಂದು ಹಾಡಿ ಹೋದ್ರಂತೆ."

"ಪಕ್ಕದ್ಮನೆಗೆ ಬಂದು, ನಮ್ಮನೆಗೆ ಬರ್ನಿಲ್ವಾ?"

ವಾಣಿಶ್ರೀ ಕನ್ನಡಿ ನೋಡಿ ಲೇನು ಬದಲಿಸಿದಳು. ಹಿಂದಿನ ಸೀಟಿನಿಂದ ನಿಸರ್ಗಾ ಕೇಳಿದಳು: "ಅಜ್ಜಿ, ವೈ ಡೋಂಟ್ ದೇ ಸಿಂಗ್ ಇಟ್ ಅಟ್ ಹೋಮ್?" ನಂಜಮ್ಮನಿಗೆ ತಿಳಿದದ್ದು ಹೋಮ್ ಎಂಬುದೊಂದೇ.

ಮನೆಗೆ ಬಂದವಳೇ ಮಗನಿಗೆ ಫೋನು ಮಾಡಿಸಿದಳು. "ಒಂದ್ಕಿತ ಬಂದು ಅವಳ ಎದ್ರಿಗೆ ಕುಂತು ಹಾಡ್ಲಾ ಮಗ. ಇನ್ನೇನೂ ಕೇಳಾಕಿಲ್ಲ. ಈ ಮನೆ ನಿಲ್ಲಾಕಿಲ್ಲ ಕಣ್ಲಾ ಹಿಂಗೇ ಆದ್ರೆ."

"ಬುಧವಾರ ಬಂದೆ ಅಂತ್ಲೇ ಇಟ್ಕೋ, ಅವ್ವ."

ಬುಧವಾರ ಸಂಜೆಯಾಗುತ್ತಲೇ ವಾಣಿಶ್ರೀ ಮುಂಬಾಗಿಲ ದೀಪ ಹಾಕಿದಳು. ನಾಲ್ಕು ತಟ್ಟೆ ಇಟ್ಟಳು. ಕಾರುಗಳ ಬೆಳಕು ಗೋಡೆಯ ಮೇಲೆ ಹಾದು ಹಾದು ಹೋಯಿತು. ನಾಲ್ಕನೆಯ ತಟ್ಟೆಯ ಮುದ್ದೆ ಆರಿ ಬಿರುಕುಬಿಟ್ಟಿತು. ಬೆಳಗ್ಗೆ ನಂಜಮ್ಮ ಎದ್ದಾಗಲೂ ಬಿಸಿಲಲ್ಲಿ ಆ ದೀಪ ಉರಿಯುತ್ತಲೇ ಇತ್ತು.

ಸೂಟ್‌ಕೇಸು ಕಾರಿಗಿಟ್ಟು, ನಿಸರ್ಗಾಳನ್ನು ಕೂರಿಸಿ ಬಂದು ವಾಣಿಶ್ರೀ ಅತ್ತೆಯ ಕಾಲು ಮುಟ್ಟಿದಳು. "ಅಕ್ಕನ ಮನೇಲಿರ್ತೀವಿ ಅತ್ತೆ. ನಿಮ್ಮ ಮೇಲೆ ಕೋಪ ಇಲ್ಲ."

ಕಾರು ಹಿಂದಕ್ಕೆ ಸರಿಯಿತು. ಏನೂ ತಿಳಿಯದ ಡೇಲ್ ಗರಾಜಿನಲ್ಲಿ ಅವರದೇ ಹಾಡನ್ನು ಜೋರು ಮಾಡಿ, ನಗುತ್ತ ಕೈಬೀಸಿದ. ಗುಡ್ಡಗಳು ಒಣಗಿ ರಾಗಿ ಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಹೊಸ್ತಿಲಲ್ಲಿ ನಿಂತ ನಂಜಮ್ಮನ ಬಲಗೈ ಪದದ ಜೊತೆ ಗಾಳಿಯಲ್ಲಿ ತಾನಾಗಿ ಸುತ್ತತೊಡಗಿ, ಮಗನ ದನಿ ಬರುವಲ್ಲಿ ನಿಂತಿತು.