ಮುಟ್ಟಿದರೆ ಸಾಕು

"ಉಸಿರು ಹಿಡ್ಕೊಳ್ಳಿ," ಎಂದಳು ಡಾಕ್ಟರ್ ಲಿಂಗ್.

ಉಂಗಾಂಗ್ ಹಿಡಿದುಕೊಂಡ. ಜೆಲ್ ಬಳಿದು ತಣ್ಣಗಾಗಿದ್ದ ಹೊಟ್ಟೆಯ ಮೇಲೆ ಆಕೆ ಸ್ಕ್ಯಾನಿನ ಮೂತಿಯನ್ನು ಪಕ್ಕೆಲುಬಿನ ಕೆಳಗೆ ಒತ್ತಿದಳು, ಓರೆ ಮಾಡಿದಳು, ಮತ್ತೆ ಒತ್ತಿದಳು. ಪರದೆಯಲ್ಲಿ ಮಂಕಾಗಿ ಕಾಣಬೇಕಿದ್ದ ಲಿವರ್ ಅನ್ನದ ಗಂಜಿಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.

"ಹೋದ ಸಲಕ್ಕಿಂತ ಜಾಸ್ತಿಯಾಗಿದೆ. ಏನು ತಿಂತಿದ್ದೀರಿ?"

"ಏನೂ ಇಲ್ಲ ಡಾಕ್ಟ್ರೇ. ಬರೀ ಮುಟ್ಟೋದು."

ಡಾಕ್ಟರ್ ಲಿಂಗ್ ಸಿಬು ಊರಿನವಳೇ, ಆ ಮಾತು ಅವಳಿಗೆ ಅರ್ಥವಾಯಿತು. ನಗು ಬಂದರೂ ನಗಲಿಲ್ಲ. ಕೊಟ್ಟ ಊಟ ಬೇಡವೆಂದು ಎದ್ದು ಹೋದವನಿಗೆ ದಾರಿಯಲ್ಲಿ ಹಾವೋ ಮೊಸಳೆಯೋ ಕಾದಿರುತ್ತದೆ ಎಂಬುದು ಅಲ್ಲಿನವರ ನಂಬಿಕೆ. ಹೊಟ್ಟೆ ತುಂಬಿದ್ದರೂ ತಟ್ಟೆಗೆ ಬೆರಳು ತಾಗಿಸಿ, ಬೆರಳನ್ನು ತುಟಿಗೆ ಮುಟ್ಟಿಸಿಕೊಂಡೇ ಹೊರಡಬೇಕು. ಆ ನದಿ ದಂಡೆಯ ಇಬಾನ್ ಜನರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ದಿನವಿಡೀ ರಜಾಂಗ್ ನದಿಯ ಮೇಲೆ ದೋಣಿ ನಡೆಸುವ ಉಂಗಾಂಗನಂತೂ ಒಂದು ದಿನವೂ ತಪ್ಪಿದವನಲ್ಲ. ಆದರೆ ಅಕ್ಕ ಬಡಿಸಿದ ತಟ್ಟೆಗೆ ತಾಗಿಸಿದ ಬೆರಳು ಅಲ್ಲಿಗೇ ನಿಲ್ಲುತ್ತಿರಲಿಲ್ಲ. ತುಟಿಯಿಂದ ತುತ್ತಿಗೆ, ತುತ್ತಿನಿಂದ ಎರಡನೇ ಸಲದ ಅನ್ನಕ್ಕೆ ಹೋಗುತ್ತಿತ್ತು.

ಲಿವರ್ ಕೆಟ್ಟಿದ್ದ ಆ ಅಕ್ಕನಿಗೆ ಅರ್ಧ ಲಿವರ್ ಕೊಡಲು ನೆಂಟರಲ್ಲೆಲ್ಲ ಹೊಂದುತ್ತಿದ್ದದ್ದು ಅವನೊಬ್ಬನದೇ. ಮೊದಲು ಮೈ ಇಳಿಸಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು.

"ಹೊಟ್ಟೆಯ ಕೊಬ್ಬು ಮೂಟೆ ಇಟ್ಟ ಹಾಗೆ ಸುಮ್ನೆ ಬಿದ್ದಿರೋದಿಲ್ಲ," ಎಂದಳು ಡಾಕ್ಟರ್, ಅವನ ಕೈಗೆ ಟಿಶ್ಯೂ ಕೊಡುತ್ತಾ. "ಅದಕ್ಕೂ ಜೀವ ಇದೆ. ತುಂಬಿ ತುಂಬಿ ಹಿಡಿಸದೇ ಹೋದಾಗ ಅದಕ್ಕೇ ಕಾಯಿಲೆ ಬರುತ್ತೆ, ಊದ್ಕೊಳ್ಳುತ್ತೆ. ಇಟ್ಕೊಳ್ಳೋಕಾಗದೆ ಕೊಬ್ಬನ್ನ ರಕ್ತಕ್ಕೆ ಬಿಡುತ್ತೆ. ಅದು ಹೋಗಿ ಲಿವರ್‌ನಲ್ಲಿ ತುಂಬ್ಕೊಳ್ಳುತ್ತೆ. ನಿಮ್ಮಕ್ಕ ಒಂದು ತೊಟ್ಟು ಹೆಂಡ ಕುಡಿದೋರಲ್ಲ. ಅವರ ಲಿವರ್ ಕಲ್ಲಾಗಿದ್ದು ಹೀಗೇ. ಈಗ ನಿಮ್ಮದರಲ್ಲಿ ಅರ್ಧ ಕೊಯ್ದು ಇಟ್ಟರೆ ಅವರೂ ಉಳಿಯಲ್ಲ, ನೀವೂ ಉಳಿಯಲ್ಲ."

"ಕರಗೋದೇ ಇಲ್ವಾ?"

"ಕರಗುತ್ತೆ. ನೀವು ಬಾಯಿ ಕಟ್ಟಿದರೆ ಬೇಗಾನೇ ಕರಗುತ್ತೆ. ಮಳೆ ಹಿಡಿಯೋದ್ರೊಳಗೆ ಇನ್ನೊಂದ್ಸಲ ಬನ್ನಿ. ಅದಾದ ಮೇಲೆ ನಿಮ್ಮಕ್ಕನಿಗೆ ಟೈಮಿಲ್ಲ."

ಮಧ್ಯಾಹ್ನ ಅವನು ಊರಿನ ದಡ ಹತ್ತಿದಾಗ, ಇಡೀ ಊರೇ ಒಂದು ಸೂರಿನಡಿ ಬದುಕುವ ಆ ನೀಳಮನೆಯ ಜಗಲಿಯಲ್ಲಿ ಸುಲಾವ್ ಅತ್ತೆ ಚಾಪೆ ಹೆಣೆಯುತ್ತಿದ್ದಳು.

"ಬಂದ ನೋಡಿ ನಮ್ಮ ಡುಮ್ಮಣ್ಣ! ದೋಣಿ ಮುಳುಗಲಿಲ್ವೇನೋ?"

"ನೀನು ಹತ್ತಿರಲಿಲ್ವಲ್ಲ ಅತ್ತೆ."

ಒಳಗೆ ಅಕ್ಕ ಮೆಂಗಿಯಾಂಗ್ ಒಲೆಯ ಮುಂದೆ ಕೂತಿದ್ದಳು. ಒಂದು ಕಾಲದಲ್ಲಿ ಬಾಗಿಲು ತುಂಬುತ್ತಿದ್ದ ಹೆಂಗಸು. ಈಗ ತೋಳುಗಳು ಕಡ್ಡಿಯಾಗಿ, ಹೊಟ್ಟೆಯೊಂದೇ ನೀರು ತುಂಬಿ ಉಬ್ಬಿತ್ತು. ಕಣ್ಣಿನ ಬಿಳಿ ಅರಿಶಿನವಾಗಿತ್ತು. ಬೆಂಕಿಗೆ ಒರಗಿಸಿದ ಹಸಿ ಬಿದಿರಿನೊಳಗೆ ಹಂದಿಮಾಂಸ ಬೇಯುತ್ತಿತ್ತು.

"ಏನಂದ್ರು?"

"ಆಗಲ್ಲ ಅಂದ್ರು. ಕೊಬ್ಬು ಇನ್ನೂ ಜಾಸ್ತಿ ಆಗಿದೆಯಂತೆ."

"ಹೋಗ್ಲಿ ಬಿಡು," ಎಂದಳು ಅಕ್ಕ.

ಉಂಗಾಂಗ್ ಅವಳ ಮುಖ ನೋಡಿದ. ನೆರೆ ಬಂದ ನದಿಯಲ್ಲಿ ದೋಣಿ ಕೊನೆಗೂ ದಡಕ್ಕೆ ತಾಗಿದಾಗ ಅದರಲ್ಲಿದ್ದವರ ಮುಖ ಹೀಗೆ ಸಡಿಲವಾಗುವುದನ್ನು ಅವನು ಎಷ್ಟೋ ಸಲ ಕಂಡಿದ್ದ.

"ಅಕ್ಕಾ, ನೀನು ಬೇಕು ಅಂತಲೇ ತಿನ್ನಿಸ್ತಿದ್ಯಾ?"

ಅವಳು ಬಿದಿರನ್ನು ಬೆಂಕಿಯಿಂದ ಎಳೆದು ಕತ್ತಿಯಿಂದ ಸೀಳಿದಳು. ಹಬೆ ಎದ್ದಿತು. ಜಿಡ್ಡು ಬಾಳೆಯೆಲೆಯ ಮೇಲೆ ಹರಿಯಿತು.

"ಅವ್ವ ಸತ್ತ ಮೇಲೆ ಸೊಂಟದ ಮೇಲೆ ಹೊತ್ತು ಸಾಕಿದ್ದು ನಿನ್ನ ಹೊಟ್ಟೆ ಸೀಳಿಸೋಕಾ? ಎರಡು ಮಕ್ಕಳ ತಂದೆ ನೀನು. ನೀನು ದಪ್ಪ ಇದ್ರೆ ಡಾಕ್ಟ್ರು ನಿನ್ನ ಹೊಟ್ಟೆ ಮುಟ್ಟಲ್ಲ ಅಂತ ಗೊತ್ತಾದ ದಿನ ನಾನು ನಿಶ್ಚಿಂತೆಯಾಗಿ ನಿದ್ದೆ ಮಾಡಿದೆ ಕಣೋ. ನಾನು ಬದುಕಿದ್ದು ಸಾಕು. ತಿನ್ನು."

"ನಿನ್ನ ಲಿವರ್ ಕೆಟ್ಟಿದ್ದು ಯಾತರಿಂದ ಅಂತ ಗೊತ್ತಾ?"

"ನನ್ನ ಹಣೆಬರಹ."

"ಇದೇ ಕೊಬ್ಬು, ಅಕ್ಕಾ. ನಿನಗೆ ಬಂದದ್ದೇ ನನಗೂ ಶುರುವಾಗಿದೆ. ಕಣ್ಣಾರೆ ನೋಡ್ದೆ ಪರದೆ ಮೇಲೆ."

ಅನ್ನ ಬಡಿಸಲು ಎತ್ತಿದ ಸೌಟು ಅವಳ ಕೈಯಲ್ಲೇ ನಿಂತಿತು. ಅವಳು ತಮ್ಮನ ಹೊಟ್ಟೆಯನ್ನು ನೋಡಿದಳು, ಆಮೇಲೆ ತನ್ನದನ್ನು. ಹೊರಗೆ ಯಾರೋ ದಡದಿಂದ ಕೂಗಿದರು. ಆಚೆ ದಡಕ್ಕೆ ಹೋಗಬೇಕಾದ ಶಾಲೆಯ ಮೇಷ್ಟರು. ಉಂಗಾಂಗ್ ಎದ್ದ.

"ಕೂರು... ಬೇಡ, ತಿನ್ಬೇಡ," ಎಂದಳು ಅವಳು, ದನಿ ಸಣ್ಣದಾಗಿ. "ತಿನ್ಬೇಡಪ್ಪ. ಮುಟ್ಟಿ ಹೋಗು ಸಾಕು. ನದಿಗೆ ಇಳೀತಿದ್ದೀಯ."

ಗೋಡೆ ಹಿಡಿದುಕೊಂಡು ಎದ್ದು, ಎಲೆಯನ್ನು ಎರಡೂ ಕೈಯಲ್ಲಿ ಅವನೆದುರು ಚಾಚಿದಳು. ಬಾಗಿಲಿಗೆ ಬಂದ ಸುಲಾವ್ ಅತ್ತೆಯ ಮುಖದಲ್ಲಿ ಈಗ ತಮಾಷೆ ಇರಲಿಲ್ಲ.

"ಮುಟ್ಟೋ ಮಾರಾಯ. ಬೆರಳೇನು ಸವೆದು ಹೋಗುತ್ತಾ? ಮೊನ್ನೆಯಷ್ಟೇ ಕೆಳಗಿನ ದೋಣಿ ಕಡವಿನಲ್ಲಿ ಮೊಸಳೆ ಕಂಡಿದೆ."

ಮೇಷ್ಟರು ಮತ್ತೆ ಕೂಗಿದರು. ಉಂಗಾಂಗ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಮುಟ್ಟೋದೂ ಇಲ್ಲ," ಎಂದ.