ಅರೆಯುವ ಹುರುಳಿ

"ಈ ಬೀಜ ಬೆಂಕಿ ಕಂಡಿದೆ ಕಣಮ್ಮ," ಎಂದರು ಪಿಎಚ್‌ಡಿ ಗೈಡ್ ಮಹೇಶ್ವರಪ್ಪ.

ಉಚ್ಚಂಗೆಮ್ಮ ಲ್ಯಾಬಿನ ಗಾಜಿನ ಕೊಳವೆಯನ್ನೇ ನೋಡುತ್ತ ನಿಂತಳು. ಕೊಳವೆಯ ತುಂಬ ತೂತುತೂತಿನ ಜೆಲ್ ಮಣಿಗಳು. ಹುರುಳಿಯ ಪ್ರೋಟೀನುಗಳಲ್ಲಿ ದೊಡ್ಡವು ತೂತಿಗೆ ಹಿಡಿಸದೆ ಬೇಗ ಇಳಿದುಬರಬೇಕು. ಚಿಕ್ಕವು ಸಂತೆಗೆ ಬಂದ ಮಕ್ಕಳ ಹಾಗೆ ಎಲ್ಲ ಕಡೆ ಹೊಕ್ಕು ಹೊರಬಿದ್ದು ತಡವಾಗಿ ಬರಬೇಕು. ಈ ಸಲ ಎಲ್ಲವೂ ಗಡ್ಡೆಕಟ್ಟಿ ಒಟ್ಟಿಗೇ ಇಳಿದಿದ್ದವು.

"ನಿನ್ನ ಪ್ರಬಂಧ ನಿಂತಿರೋದೇ ನಿಮ್ಮೂರಿನ ಕರಿ ಹುರುಳಿ ಮೇಲೆ. ಹಸಿ ಬೀಜ ತಾ. ಸಿಗದಿದ್ರೆ ಇದನ್ನ ಇಲ್ಲಿಗೇ ಬಿಡಬೇಕಾಗುತ್ತೆ."

ಮೂರು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು. ಊರಿಗೆ ಹೊರಟ ಜಗಳೂರಿನ ಬಸ್ಸಿನಲ್ಲಿ ಅಳು ಬರಬೇಕಿತ್ತು, ಬರಲಿಲ್ಲ. ಎದೆಯಲ್ಲಿ ಏನೂ ಇರಲಿಲ್ಲ. ಚಿತ್ರದುರ್ಗ ದಾಟಿದ್ದೂ ಅವಳಿಗೆ ಗೊತ್ತಾಗಲಿಲ್ಲ.

ಅವ್ವ ಗಾದ್ರಮ್ಮ ಮಗಳ ಮುಂದೆ ಮುದ್ದೆ ಇಟ್ಟಳು.

"ಅವ್ವಾ, ಉಗಾದಿಗೆ ಬಂದಾಗ ಕೊಟ್ಟೆಲ್ಲ ಕರಿ ಹುರುಳಿ, ಅದನ್ನ ಹುರಿದಿದ್ದೇನು?"

"ಹೂಂ ಮತ್ತೆ. ಬಿತ್ತಾಕಲ್ಲವ್ವ, ಅರೆಯಾಕೆ ಅಂತ ನೀನೇ ಅಂದಿದ್ದೆಲ್ಲ. ಬಿತ್ತೋದಕ್ಕೆ ಬೂದಿ, ಅರೆಯೋದಕ್ಕೆ ಬೆಂಕಿ."

ಹೌದು, ಅಂದಿದ್ದಳು. ಬಿತ್ತುವ ಬೀಜವನ್ನು ಬೂದಿ ಬೆರೆಸಿ ಎತ್ತಿಡುವುದು, ಅರೆಯುವುದನ್ನು ಹುರಿಯುವುದು ಹುಟ್ಟಿದಾಗಿನಿಂದ ನೋಡಿದ್ದೇ. ಆದರೂ ಬಾಯಿಗೆ ಬಂದ ಮಾತು ಬಂದುಬಿಟ್ಟಿತ್ತು. ಕರಿ ಕಾಳಾದ್ದರಿಂದ ಹುರಿದದ್ದು ಕಣ್ಣಿಗೂ ಕಂಡಿರಲಿಲ್ಲ.

"ಹಸೀದು ಒಂದೀಟು ಉಳಿದೈತಾ?"

"ಎಲ್ಲೈತೆ? ಮಡಿಕೆನಾಗಿದ್ದಿದ್ದೆಲ್ಲ ನಿನಗೇ ಹುರಿದು ಕೊಟ್ಟೆ. ಪಾಲಣ್ಣ ಈ ವರ್ಷ ಕೃಷಿ ಆಫೀಸಿನೋರು ಕೊಟ್ಟ ಬಿಳಿ ಬೀಜ ಬಿತ್ಯಾನೆ."

ಪಾಲಣ್ಣ ಅವಳ ಅಣ್ಣ. ಅವನು ಬಾಗಿಲಲ್ಲಿ ಕಾಲು ತೊಳೆಯುತ್ತ, "ಊರಾಗೆ ಯಾರತ್ರಾನೂ ಇಲ್ಲ ಕಣವ್ವ ಆ ಬೀಜ. ನಮ್ಮನೇದೇ ಕಡೇದಾಗಿತ್ತು," ಎಂದ.

ಉಚ್ಚಂಗೆಮ್ಮ ಮುದ್ದೆ ಮುರಿದಳು. ನುಂಗಿದಳು. ರುಚಿ ಹತ್ತಲಿಲ್ಲ.

ಗಾದ್ರಮ್ಮ ಪಕ್ಕಕ್ಕೆ ಬಂದು ಕೂತಳು. ಮಗಳ ತೋಳನ್ನು ಮೇಲಿನಿಂದ ಕೆಳಗೆ ಒತ್ತಿ ನೋಡಿದಳು.

"ಹಸಿ ಹುರುಳಿ ಕಲ್ಲಿದ್ದಂಗೆ ಇರತೈತೆ. ದಿನಾ ಅರೆದ್ರೆ ನಿನ್ನ ರಟ್ಟೆ ಬಿದ್ದೋಗ್ತಾವೆ ಅಂತ ಒಲೆ ಮುಂದೆ ಕೂತು ಹುರಿದೆ. ನೋವೇನೂ ಆಗ್ಲಿಲ್ಲ ಅಲ್ಲಾ?"

"ಇಲ್ಲವ್ವ. ಹಗೂರಾಗಿ ಅರೀತು."

"ನಾ ಹೇಳಲಿಲ್ಲವಾ," ಎಂದು ಗಾದ್ರಮ್ಮ ಪಾಲಣ್ಣನ ಕಡೆ ತಿರುಗಿ ನಕ್ಕಳು.

ಉಚ್ಚಂಗೆಮ್ಮ ಎದ್ದು ತಟ್ಟೆ ತೊಳೆದು ಗೋಡೆಗೆ ಒರಗಿಸಿಟ್ಟಳು. ನೀರು ಇಳಿದುಹೋಗುವ ತನಕ ಅಲ್ಲೇ ನಿಂತಿದ್ದಳು.