ಮತ್ತು ಮಗಳು

ಗಾಜಿನ ಮೇಲೆ ಉಲ್ಟಾ ಒಂದು ಸೊನ್ನೆ ಮೂಡಿತು, ಅಲ್ಲ, ಸೊನ್ನೆಯಲ್ಲ, ಪೇಂಟರನ ಕುಂಚ ಇನ್ನೂ ಓಡುತ್ತಿದೆ, ಹೊಟ್ಟೆ ಬಂತು, ಕೊಂಬು ಬಂತು, ಮ, ಒಳಗಿನಿಂದ ನೋಡಿದರೆ ತಿರುಗುಮುರುಗು ಮ, ಬಿಸಿಲು ಅದರ ನೆರಳನ್ನು ನೇರ ತಂದು ಅವಳ ಮೇಜಿನ ಮೇಲೆ, ಕೀಬೋರ್ಡಿನ ಮೇಲೆ, ಮೌಸ್ ಹಿಡಿದ ಕೈಯ ಮೇಲೆ ಹಾಕಿತು, ಕೈ ಸರಿಸಿದಳು, ನೆರಳು ಮೇಜಿನ ಮೇಲೇ ಉಳಿಯಿತು, ಮತ್ತೆ ಇಟ್ಟಳು, ಮತ್ತೆ ಕೈಗೇರಿತು. ಹೊರಗೆ ಅಪ್ಪನ ದನಿ, ಇನ್ನೂ ಸ್ವಲ್ಪ ದಪ್ಪ ಬರಲಿ ಪೇಂಟ್ರೇ, ರಸ್ತೆ ಆಚೆ ನಿಂತವರಿಗೂ ಕಾಣಬೇಕು, ಪೇಂಟರ್ ಏಣಿಯ ಮೇಲಿಂದಲೇ, ಪಕ್ಕದ ರಸ್ತೆಯವರಿಗೂ ಕಾಣೋ ಹಾಗೆ ಬರೀತೀನಿ ಸಾರ್, ಗಾಜು ಸಾಲಲ್ಲ ಅಷ್ಟೇ, ಅಪ್ಪ ನಕ್ಕ, ಬೆಳಗಿನಿಂದ ಎಲ್ಲದಕ್ಕೂ ನಗುತ್ತಿದ್ದಾನೆ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಾನೆ, ಇವತ್ತು ಪ್ಲಾಸ್ಟರ್ ಕಲಸುವುದಿಲ್ಲ, ಹಲ್ಲಿನ ಸೆಟ್ಟು ಉಜ್ಜುವುದಿಲ್ಲ, ಇಷ್ಟು ವರ್ಷ ಈ ಹಲ್ಲಿನ ಲ್ಯಾಬಿನ ಗಾಜಿನ ಮೇಲೆ ಒಂಟಿಯಾಗಿದ್ದ ಅವನ ಹೆಸರಿನ ಪಕ್ಕ ಇವತ್ತು ಎರಡು ಪದ ಸೇರುತ್ತವೆ, ಮತ್ತು ಮಗಳು. ಎಲ್ಲಾದ್ರೂ ನೋಡಿದೀಯಾ ಹೀಗೆ ಬರೆಸಿದ್ದು, ಮತ್ತು ಸಹೋದರರು ಅಂತಾರೆ, ಮತ್ತು ಮಕ್ಕಳು ಅಂತಾರೆ, ಅಂದ್ರೆ ಗಂಡುಮಕ್ಕಳು, ಮಗಳು ಅಂತ ಬರೆಸಿದ ಗಂಡಸು ಈ ಬೀದಿಗೆಲ್ಲ ನಾನೊಬ್ಬನೇ, ನಿನ್ನೆ ಊಟಕ್ಕೆ ಕೂತಾಗ ಅಪ್ಪ ಎದೆ ತಟ್ಟಿಕೊಂಡಿದ್ದ, ಅದು ಸುಳ್ಳೂ ಅಲ್ಲ, ಅದೇ ಕಷ್ಟ, ಕೆಟ್ಟ ಅಪ್ಪನಾಗಿದ್ದರೆ ಎಷ್ಟು ಸಲೀಸಾಗಿತ್ತು, ಜಗಳವಾಡಿ ಬಾಗಿಲು ದಢಾರನೆ ಎಳೆದು ಹೊರಟುಬಿಡಬಹುದಿತ್ತು. ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತ ಚಿಕ್ಕಪ್ಪ ಗಂಟಲು ಸರಿ ಮಾಡಿಕೊಂಡ, ಅವನೇ ತಾನೆ ಮದುವೆಮನೆಯಲ್ಲಿ ಹತ್ತು ಜನರೆದುರು, ನಿನ್ನ ಕೈಗೆಲಸ ನಿನ್ನ ಜೊತೆಗೇ ಮುಗೀತಲ್ಲಣ್ಣ, ಮಗಳು ಎಷ್ಟು ದಿನ ಇರ್ತಾಳೆ, ಲ್ಯಾಬು ನನ್ನ ಮಗನಿಗೆ ಬಿಟ್ಕೊಡು ಅಂದವನು, ಅಪ್ಪ ಇವತ್ತು ಆ ತಮ್ಮನನ್ನು ಫೋನ್ ಮಾಡಿ ಕರೆಸಿ, ಕುರ್ಚಿ ಕೊಟ್ಟು ಕೂರಿಸಿ, ಗಾಜಿನ ಮೇಲೆ ಉತ್ತರ ಬರೆಸುತ್ತಿದ್ದಾನೆ. ಆ ಉತ್ತರವನ್ನು ಅವಳು ಇನ್ನು ಸ್ವಲ್ಪ ಹೊತ್ತಿನಲ್ಲಿ ಅಳಿಸಬೇಕು.

ಪರದೆಯ ಮೇಲೆ ಮುದುಕಿ ಸುಮ್ಮನೆ ಕೂತಿದ್ದಾಳೆ. ಆನಿಮೇಷನ್ ತರಗತಿಯ ಕೊನೆಯ ಕೆಲಸ ಇದು, ಬಸ್ಸಿಗೆ ಕಾಯುವ ಮುದುಕಿ, ಅವಳು ಪೂರ್ತಿಯಾಗಿ ಕಟ್ಟಿದ ಮೊದಲ ಮನುಷ್ಯಾಕೃತಿ, ಕಂಪ್ಯೂಟರಿನೊಳಗೆ ಚೌಕ ಚೌಕವಾಗಿ ಗೆರೆಗಳ ಬಲೆ ಹೆಣೆದು, ಬಿಂದು ಬಿಂದು ಜರುಗಿಸಿ ಎಬ್ಬಿಸಿದ ಮುಖ, ಮೊದಲು ಕಾಗದದ ಮೇಲೆ ಪ್ಲಾನ್ ಮಾಡಿ ಎಂದು ಮೇಡಂ ಶುರುವಿನಿಂದ ಬಡಕೊಂಡಿದ್ದರು, ಈ ಮುಖ ಏನೇನು ಮಾಡಬೇಕು ಯೋಚಿಸಿ, ಆಮೇಲೆ ಗೆರೆ ಎಳೀರಿ, ಮಡಚೋ ಕಡೆ ಗೆರೆ ಜಾಸ್ತಿ ಬೇಕು, ತೆರೆಯೋ ಕಡೆ ಸುತ್ತ ಬಳೆ ಥರ ಗೆರೆ ಬೇಕು, ಕಟ್ಟಿದ ಮೇಲೆ ಅತ್ತರೆ ನನ್ನ ಹತ್ರ ಬರಬೇಡಿ. ಅವಳು ಪ್ಲಾನ್ ಮಾಡಿದ್ದಳು, ಮುದುಕಿ ನೋಡುತ್ತಾಳೆ, ಕಣ್ಣು ಮಿಟುಕಿಸುತ್ತಾಳೆ, ಕತ್ತು ತಿರುಗಿಸುತ್ತಾಳೆ, ಮೂಗಲ್ಲಿ ಉಸಿರು ಬಿಡುತ್ತಾಳೆ. ಮಾತಾಡುತ್ತಾಳೆ ಎಂಬುದು ಹೊಳೆಯಲೇ ಇಲ್ಲ, ಕಾಯುವವರು ಏನು ಮಾತಾಡುತ್ತಾರೆ. ಕೆನ್ನೆ ನೋಡಿ ಮೇಡಂ ಇಡೀ ತರಗತಿಯನ್ನು ಕರೆದಿದ್ದರು, ಬನ್ನಿ ಇಲ್ಲಿ, ವಯಸ್ಸು ಅಂದ್ರೆ ಸುಕ್ಕು ಗೀಚೋದಲ್ಲ, ಹೀಗೆ ಒಳಗಿಂದ ಕುಸೀಬೇಕು, ಕುಸಿಯದೇ ಏನು, ಹಲ್ಲು ಹೋದವರ ಕೆನ್ನೆ ಎಲ್ಲಿ ತಗ್ಗುತ್ತದೆ, ಮೇಲ್ದುಟಿ ಎಲ್ಲಿಂದ ಒಳಕ್ಕೆ ಮಡಚಿಕೊಳ್ಳುತ್ತದೆ, ಅದನ್ನು ಅವಳು ನಡೆಯಲು ಕಲಿಯುವ ಮೊದಲೇ ನೋಡಿದ್ದಾಳೆ, ಲ್ಯಾಬಿನ ಬೆಂಚಿನ ಮೇಲೆ ಸೆಟ್ಟು ಕಾಯುತ್ತ ಕೂತ ಮುದುಕ ಮುದುಕಿಯರ ಮಡಿಲಲ್ಲಿ ಬೆಳೆದವಳು. ಬೆಳಿಗ್ಗೆ ಮೇಡಂ ವಿಡಿಯೋ ಕಳಿಸಿದರು, ಜೊತೆಗೆ ವಾಯ್ಸ್ ಮೆಸೇಜು, ನಮ್ಮ ಫಿಲ್ಮಿನ ಕಥೆ ಸ್ವಲ್ಪ ಬದಲಾಗಿದೆ ಕಣೇ, ಕೊನೆಗೆ ಬಸ್ಸು ಹೊರಟುಬಿಡತ್ತೆ, ಅಜ್ಜಿ ಎದ್ದು ತಡೀರಿ ಅಂತ ಕೂಗಬೇಕು, ಕೂಗಿಸೋಕೆ ಹೋದೆ, ನೋಡು ನಿನ್ನ ಅಜ್ಜಿ ಅವಸ್ಥೆ. ವಿಡಿಯೋದಲ್ಲಿ ಮುದುಕಿ ಎದ್ದಳು, ಕೈ ಎತ್ತಿದಳು, ಗಲ್ಲ ಇಳಿಯಿತು, ಗಲ್ಲದ ಹಿಂದೆ ಕೆನ್ನೆ ಇಳಿಯಿತು, ಮೂಗು ಜೋತುಬಿತ್ತು, ಕಣ್ಣಿನ ಕೆಳರೆಪ್ಪೆ ಜಗ್ಗಿತು, ಇಡೀ ಮುಖ ಹಸಿ ಹಿಟ್ಟಿನಂತೆ ಎಳೆದುಕೊಂಡಿತು, ತುಟಿಗಳ ನಡುವಿನ ಗೆರೆ ಮಾತ್ರ ಬಿಚ್ಚಲಿಲ್ಲ. ಬಿಚ್ಚುವುದಕ್ಕೆ ಅಲ್ಲಿ ಎರಡು ತುಟಿಗಳೇ ಇರಲಿಲ್ಲ, ಒಂದೇ ತೊಗಲು, ಅದರ ಮೇಲೊಂದು ಗೆರೆ, ಹಿಂದೆ ಏನೂ ಇಲ್ಲ. ಹಲ್ಲಿನ ಮನೆ ಹುಡುಗಿ ನೀನು, ಮೇಡಂ ನಗುತ್ತಿದ್ದರು, ಹಲ್ಲು ಬೇಡ, ನಾಲಿಗೆ ಬೇಡ, ಒಂದು ತೂತಾದ್ರೂ ಇಡೋದಲ್ವೇನೇ.

ಮತ್ತೆ ಹಾಕಿ ನೋಡಿದಳು, ಎಷ್ಟನೆಯ ಸಲವೋ, ಎತ್ತಿದ ಕೈ, ಇಳಿದ ಗಲ್ಲ, ಬಿಚ್ಚದ ಗೆರೆ. ಗಾಜಿನ ಮೇಲೆ ತ್ತು ಆಗುತ್ತಿದೆ, ಪೇಂಟರ್ ಒತ್ತಕ್ಷರಕ್ಕೆ ಏಣಿಯ ಒಂದು ಮೆಟ್ಟಿಲು ಇಳಿದ. ತಲೆ ಎತ್ತಿದರೆ ಎದುರಿಗೆ ಕಪಾಟು, ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು, ಮೇಲಿನ ಸಾಲು ಕೆಳಗಿನ ಸಾಲು ರಬ್ಬರ್ ಬ್ಯಾಂಡಿನಲ್ಲಿ ಬಿಗಿದು ಜೋಡಿ ಜೋಡಿಯಾಗಿ, ಯಾರ ಬಾಯಿ ಯಾವುದು ಎಂದು ಅಪ್ಪನಿಗೆ ನೋಡಿದರೇ ಗೊತ್ತು, ಇದು ಅಂಚೆಯವರದು, ಇದು ಆ ಸಂಗೀತದ ಟೀಚರದು, ಪಾಪ ಸೆಟ್ಟು ಬರೋ ಮೊದಲೇ ಹೋಗಿಬಿಟ್ಟರು, ಅವಳಿಗೆ ಬಾಲ್ಯವಿಡೀ ಮುಖವಿಲ್ಲದ ಬಾಯಿಗಳು, ಹೋಮ್‌ವರ್ಕ್ ಮಾಡುವಾಗ ಬಾಯಿಗಳು, ಊಟಕ್ಕೆ ಕೂತರೆ ಅಪ್ಪನ ಉಗುರಿನ ಸಂದಿಯಲ್ಲಿ ಒಸಡಿನ ಬಣ್ಣದ ಮೇಣ, ಅದಕ್ಕೇ ಇರಬೇಕು, ಕೊನೆಗೂ ಒಂದು ಇಡೀ ಮುಖ ಕಟ್ಟು ಎಂದಾಗ ಕಣ್ಣು ಕಟ್ಟಿದಳು, ಹುಬ್ಬು ಕಟ್ಟಿದಳು, ಕಿವಿಯ ಒಂದೊಂದು ಮಡಿಕೆಯನ್ನೂ ಕಟ್ಟಿದಳು, ಬಾಯಿಯ ಹತ್ತಿರ ಬಂದಾಗ ಸಾಕಪ್ಪಾ ಎನಿಸಿ ಗೆರೆ ಎಳೆದು ಮುಂದೆ ಹೋದಳು. ಕಪಾಟಿನ ಮೇಲ್ತುದಿಯಲ್ಲಿರುವ ಚಿಕ್ಕ ದವಡೆ ಅವಳದು. ಬಾಯಿ ತೆಗಿ, ಅಪ್ಪ ಅಂದಿದ್ದ, ಸ್ಟೂಲಿನ ಮೇಲೆ ಕೂರಿಸಿ, ಹಲ್ಲಿನ ಅಚ್ಚು ತೆಗೆಯುವ ತಟ್ಟೆಯ ತುಂಬ ಗುಲಾಬಿ ಬಣ್ಣದ ಹಿಟ್ಟು, ತಣ್ಣಗೆ, ಪೆಪ್ಪರ್‌ಮಿಂಟಿನ ವಾಸನೆ, ಒಳಗೆ ಒತ್ತಿದ, ಅದು ನಾಲಿಗೆ ತುಂಬಿತು, ಅಂಗುಳ ತುಂಬಿತು, ಗಂಟಲ ಬಾಗಿಲಿಗೆ ಬಂದು ನಿಂತಿತು, ಗಟ್ಟಿಯಾಗೋವರೆಗೂ ಮಾತಾಡಬೇಡ, ಅಲ್ಲಾಡಬೇಡ, ಮೂಗಲ್ಲಿ ಉಸಿರಾಡು, ಜಾಣೆ ನನ್ನ ಮಗಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಜಾಣೆ ಎಂದದ್ದಕ್ಕೆ ಅಲ್ಲಾಡದೆ ಕೂತಿದ್ದಳು. ತೆಗೆದ ಅಚ್ಚನ್ನು ಬೆಳಕಿಗೆ ಹಿಡಿದು ಅಪ್ಪ, ನೋಡೇ ಇಲ್ಲಿ, ಒಂದು ಹಲ್ಲು ಸಾಲು ಬಿಟ್ಟು ಮುಂದೆ ಬಂದು ನಿಂತಿದೆ, ಕೋರೆಹಲ್ಲು, ಇದನ್ನ ನಾನು ಸರಿ ಮಾಡಲ್ಲ, ಇದು ನಿನ್ನ ಗುರುತು, ಅವತ್ತಿನಿಂದ ಅವಳು ಕೋರೆ. ಬಾರೇ ಕೋರೆ, ಉಂಡ್ಯಾ ಕೋರೆ. ಅಪ್ಪನ ಬಾಯಲ್ಲಿ ಅದನ್ನು ಕೇಳಿದರೆ ಈಗಲೂ ಅವಳ ಹೊಟ್ಟೆ ತಣ್ಣಗಾಗುತ್ತದೆ.

ಮೇಡಂ ಹೇಳಿದ್ದು ಇಷ್ಟು, ಬೇರೆ ಊರಿನ ಸ್ಟುಡಿಯೋಗೆ ಒಬ್ಬರು ಬೇಕು, ನಾನು ಯೋಚನೆ ಮಾಡಿರೋದು ನಿನ್ನನ್ನೇ, ಬಾಯಿಯದು ದೊಡ್ಡ ವಿಷಯ ಅಲ್ಲ, ಅಲ್ಲಿಗೆ ಹೋದ ಮೇಲೆ ನೂರು ಬಾಯಿ ಕಟ್ಟಿಸ್ತಾರೆ, ನಾಲ್ಕರ ಮೇಲೆ ಫೋನ್ ಮಾಡ್ತೀನಿ, ಬರ್ತೀನಿ ಅಂತ ಒಂದು ಮಾತು ಹೇಳು ಸಾಕು, ಎತ್ತಲಿಲ್ಲ ಅಂದ್ರೆ ಕ್ಲಾಸಲ್ಲಿ ನಿನ್ನ ಪಕ್ಕ ಕೂರೋಳ ಹೆಸರು ಕೊಟ್ಟುಬಿಡ್ತೀನಿ, ಆಮೇಲೆ ನನ್ನ ಬೈಕೋಬೇಡ. ಒಂದು ಮಾತು. ಆದರೆ ಅದಕ್ಕೆ ಮೊದಲು ಅಪ್ಪನಿಗೊಂದು ಮಾತು, ಅಪ್ಪನಿಗೆ ಹೇಳದೆ ಮೇಡಂಗೆ ಹೇಳಿದರೆ ಅದು ಕಳ್ಳತನದಂತೆ, ಅಪ್ಪನೇ ಅಲ್ಲವೇ ತರಗತಿಗೆ ಸೇರಿಸಿದ್ದು, ಈ ಕಂಪ್ಯೂಟರ್ ತಂದದ್ದು, ಕಲಿ ಕೋರೆ, ಮುಂದೆ ಎಲ್ಲರೂ ಹಲ್ಲು ಕಂಪ್ಯೂಟರಲ್ಲೇ ಮಾಡ್ತಾರಂತೆ, ಇಡೀ ಮುಖ ಕಟ್ಟೋಳಿಗೆ ಹಲ್ಲು ಕಟ್ಟೋದು ಯಾವ ಮಹಾ, ಅವನು ಏನನ್ನೂ ಬಚ್ಚಿಡಲಿಲ್ಲ, ಅವಳೂ ಸುಳ್ಳು ಹೇಳಲಿಲ್ಲ, ಹ್ಞೂಂ ಅಂದಳು, ಪ್ರತಿಸಲವೂ ಹ್ಞೂಂ, ಹ್ಞೂಂ ಅನ್ನುವುದಕ್ಕೆ ಬಾಯಿ ತೆರೆಯಬೇಕಾಗಿಲ್ಲವಲ್ಲ. ಅಮ್ಮನಿಗೆ ಮಾತ್ರ ಹೇಳಿದ್ದಳು, ಬೆಳಿಗ್ಗೆ, ಅಡುಗೆಮನೆಯಲ್ಲಿ, ಅಮ್ಮ ಕೈ ಒರೆಸಿಕೊಂಡು ಬಾಗಿಲ ಕಡೆ ನೋಡಿ, ಸಂತೋಷನೇ ಕಣೇ, ಹೋಗು, ಯಾರು ಬೇಡ ಅಂದ್ರು, ಆದ್ರೆ ಇವತ್ತೊಂದು ದಿನ ಸುಮ್ನಿರು, ನಿನ್ನ ಚಿಕ್ಕಪ್ಪನ ಎದುರಿಗೆ ಅವರ ತಲೆ ತಗ್ಗಿಸಬೇಡ, ನಾಳೆ ಹೇಳು, ಅಮ್ಮಾ ನಾಳೆ ಅಂದ್ರೆ ಮುಗಿದೇ ಹೋಯ್ತು, ಹಾಗಾದ್ರೆ ನನಗೇನು ಗೊತ್ತಿಲ್ಲ, ನಿನ್ನ ಅಪ್ಪ, ನಿನ್ನ ಬಾಯಿ. ಅಮ್ಮ ಈಗ ಹೊರಗೆ ಎಲ್ಲರಿಗೂ ಶರಬತ್ತು ಕೊಡುತ್ತಿದ್ದಾಳೆ, ಲೋಟದ ಸದ್ದು ಕೇಳುತ್ತಿದೆ.

ಎರಡನೆಯ ಮ. ಇದಾದರೂ ಮಾಡೋಣ ಎಂದು ಅವಳು ಮುದುಕಿಯ ತುಟಿಗೆರೆಯ ಮೇಲೆ ಬಾಣದ ಗುರುತು ತಂದು ಕತ್ತರಿಸಿದಳು, ತುಟಿ ಸೀಳಿತು, ಸೀಳಿದ್ದು ನಿಲ್ಲಲಿಲ್ಲ, ಸುತ್ತ ಬಳೆಗೆರೆ ಇಲ್ಲವಲ್ಲ, ಕತ್ತರಿಸಿದ ಗೆರೆ ಕೆನ್ನೆ ದಾಟಿ ಕಿವಿಯ ತನಕ ಓಡಿತು, ಮೇಡಂ ಮೆಚ್ಚಿದ ಕೆನ್ನೆ ಸುರುಟಿಹೋಯಿತು, ಅಯ್ಯೋ ಎಂದು ಮಾಡಿದ್ದನ್ನು ಹಿಂತೆಗೆದಳು, ಮತ್ತೆ ಮುಚ್ಚಿದ ಗೆರೆ. ಬಾಯಿ ಬೇಕೆಂದರೆ ಮೂಗಿನಿಂದ ಗಲ್ಲದವರೆಗೆ ಕೆಡವಬೇಕು, ಚಂದ ಬಂದದ್ದನ್ನೆಲ್ಲ ಕೆಡವಿ ಹೊಸದಾಗಿ ಕಟ್ಟಬೇಕು, ಬೇರೆ ದಾರಿಯಿಲ್ಲ. ಅಪ್ಪಾ ನಾನು ಹೋಗ್ತೀನಿ, ಮನಸ್ಸಿನಲ್ಲಿ ಹೇಳಿ ನೋಡಿದಳು, ಅಪ್ಪಾ ಒಂದು ಕೆಲಸ ಸಿಕ್ಕಿದೆ, ಬೇಡ, ಅಪ್ಪಾ ಬೋರ್ಡು ನಿಲ್ಸು, ಅಯ್ಯೋ ಅದಂತೂ ಬೇಡ, ಅಪ್ಪಾ ನಾನು ಹೋಗ್ತೀನಿ, ಇದೇ ಸರಿ, ಮೂರು ಪದ, ಗ ಬರುವ ಮೊದಲು — ಬಾಗಿಲು ತಳ್ಳಿಕೊಂಡು ಅಪ್ಪನೇ ಬಂದ, ಅಂಗಿಯ ತೋಳಿಗೆ ಬಣ್ಣದ ಚುಕ್ಕೆ ತಾಗಿದೆ, ಕೋರೆ, ಬಟ್ಟೆ ಎಲ್ಲಿದೆ, ಗಾಜು ಒರೆಸೋಕೆ, ಅವಳು ಎದ್ದು ನಿಂತಳು, ಅಪ್ಪಾ, ಹಾಂ ಹೇಳು, ಅವನು ಡ್ರಾಯರ್ ಹುಡುಕುತ್ತಲೇ, ಈ ಮೇಜು ಇಲ್ಲಿ ಬೇಡ ಅಂತ ನೋಡ್ತಿದೀನಿ, ನಾಳೆ ಗಾಜಿನ ಹತ್ರ ಹಾಕಿಬಿಡೋಣ, ಬೆಳಕು ಚೆನ್ನಾಗಿದೆ, ನಾನು ಆ ಮೂಲೆಗೆ ಹೋಗ್ತೀನಿ, ನನ್ನ ಕಣ್ಣಿಗೆ ಇನ್ನೆಷ್ಟು ಬೆಳಕು ಬೇಕು, ಎಂದವನು ಪರದೆಯ ಮೇಲಿನ ಮುದುಕಿಯನ್ನು ಕಂಡು ನಿಂತ, ಹತ್ತಿರ ಬಾಗಿದ, ಅಬ್ಬ, ಇವಳಿಗೆ ಮೇಲಿನ ಹಲ್ಲು ಒಂದೂ ಇಲ್ಲ ಅಲ್ವಾ, ನೋಡಿದ್ರೇ ಗೊತ್ತಾಗತ್ತೆ, ಎಷ್ಟು ಕರೆಕ್ಟಾಗಿ ಮಾಡಿದೀಯೇ, ಅವನ ಕಣ್ಣು ತುಂಬಿತ್ತು, ಬಟ್ಟೆ ಸಿಕ್ಕಿತು, ಹೋದ. ಅವನ ಬೆನ್ನಿಗೆ ಅವಳ ಬಾಯಿ ಅರ್ಧ ತೆರೆದೇ ಇತ್ತು. ತನ್ನ ಮೇಲೆ ಅವಳಿಗೆ ಸಿಟ್ಟು ಬಂತು, ಕೂತು ಮೇಡಂ ಕಳಿಸಿದ ವಿಡಿಯೋ ಮತ್ತೆ ಹಾಕಿದಳು, ಮುಗಿದರೆ ಅದು ತಾನೇ ಮತ್ತೆ ಶುರುವಾಗುತ್ತದೆ, ಗ ಆಗಿಹೋಗಿದೆ, ಅದರ ಗುಂಡನೆಯ ನೆರಳು ಅವಳ ಮಣಿಕಟ್ಟನ್ನು ಸುತ್ತಿಕೊಂಡಿದೆ.

ಕೋರೇ, ಬಾರೇ ಆಚೆ, ಮುಗೀತು. ಫೋನು ಕೈಯಲ್ಲಿ ಹಿಡಿದೇ ಹೊರಗೆ ಬಂದಳು, ಬಿಸಿಲಿಗೆ ಕಣ್ಣು ಮುಚ್ಚಿ ತೆರೆದರೆ ಅಕ್ಷರಗಳು ಈಗ ನೆಟ್ಟಗೆ ನಿಂತಿವೆ, ನೀಲಿ, ದಪ್ಪ, ಹಸಿ, ಮತ್ತು ಮಗಳು, ರಸ್ತೆಯಾಚೆಯ ಔಷಧಿ ಅಂಗಡಿಯವನೂ ಬಾಗಿಲಿಗೆ ಬಂದು ನೋಡುತ್ತಿದ್ದಾನೆ, ಅಮ್ಮ ಲೋಟ ಹಿಡಿದು ಅವಳ ಮುಖ ನೋಡದೆ ನಿಂತಿದ್ದಾಳೆ, ಈಗ ಹೇಳದಿದ್ದರೆ ಇನ್ನಿಲ್ಲ, ಹೇಳುತ್ತೇನೆ, ಅಪ್ಪಾ, ಎಂದಳು, ಜೋರಾಗಿಯೇ ಬಂತು ದನಿ, ಅಪ್ಪಾ ನಾನು — ಹೇಗಿದೆ ಹೇಳು, ಇರು, ಇನ್ನೊಂದು ಬಾಕಿ ಇದೆ, ಪೇಂಟರ್ ಕೊನೆಗೆ ಒಂದು ಹಲ್ಲಿನ ಚಿತ್ರ ಬರೀತಾರಂತೆ, ಯಾವುದೋ ಪುಸ್ತಕದ ಹಲ್ಲು ಯಾಕೆ ಪೇಂಟ್ರೇ, ನಮ್ಮನೆ ಹಲ್ಲೇ ಇದೆಯಲ್ಲ, ಬಾಯಿ ತೆಗಿ ಕೋರೆ. ಬಾಯಿ ತೆಗಿ ಎಂದರೆ ಅವಳ ದವಡೆ ಅವಳನ್ನು ಕೇಳುವುದಿಲ್ಲ, ಅದು ಅಪ್ಪನ ಮಾತು ಕೇಳುತ್ತದೆ, ತೆರೆದುಕೊಂಡಿತು, ಅಪ್ಪನ ಹೆಬ್ಬೆರಳು ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ ಹಿಡಿಯಿತು, ಮೇಣದ ವಾಸನೆ, ನೋಡಿ ಇದೇ, ಸಾಲು ಬಿಟ್ಟು ಮುಂದೆ ನಿಂತಿದೆಯಲ್ಲ, ಇದನ್ನೇ ಬರೀರಿ, ಪೇಂಟರ್ ಏಣಿ ಇಳಿದು ಕಣ್ಣು ಕಿರಿದು ಮಾಡಿ ನೋಡಿದ, ಹಾಗೇ ಇಟ್ಕೊಳ್ಳಿ ಅಕ್ಕ, ಮುಚ್ಚಬೇಡಿ, ಎರಡು ಗೆರೆ ಎಳ್ಕೊಂಡುಬಿಡ್ತೀನಿ. ಕೈಯಲ್ಲಿ ಫೋನು ನಡುಗಿತು. ಮೇಡಂ. ಅವಳು ಕೈ ಎತ್ತಿದಳು, ಏನೋ ಅಂದಳು, ತಡೀರಿ ಎಂದೇ ಅಂದಳು, ಹೊರಬಿದ್ದದ್ದು ಆ, ಬರೀ ಆ, ಅಪ್ಪ ನಕ್ಕ, ನೋಡಿದ್ರಾ, ಡಾಕ್ಟರ ಹತ್ರ ಬಂದ ಹಾಗೆ ಆ ಅಂತ ಬೇರೆ ಅಂತಾಳೆ, ಎಲ್ಲರೂ ನಕ್ಕರು, ಚಿಕ್ಕಪ್ಪ ಕುರ್ಚಿಯಿಂದ ಎದ್ದು ಬಂದು ಇಣುಕಿ, ಹೋಗ್ಲಿ ಬಿಡಣ್ಣ, ಒಪ್ಪಿದೆ, ಬೇರು ಗಟ್ಟಿಯಾಗಿದೆ ಅಂದ, ಅಪ್ಪನ ಹೆಬ್ಬೆರಳು ಖುಷಿಗೆ ಸಣ್ಣಗೆ ಕಂಪಿಸಿದ್ದು ಅವಳ ಒಸಡಿಗೆ ತಿಳಿಯಿತು, ಫೋನು ನಡುಗುತ್ತಿದೆ, ಅಮ್ಮ ಫೋನನ್ನು ನೋಡಿದಳು, ನೆಲ ನೋಡಿದಳು, ಅಲ್ಲಾಡಬೇಡ ಜಾಣೆ, ಇನ್ನು ಸ್ವಲ್ಪ, ಗಾಳಿಗೆ ನಾಲಿಗೆ ಒಣಗುತ್ತಿದೆ, ಗಾಜಿನ ಮೇಲೆ ಬಿಳಿಯ ಒಂದು ಕೋರೆ ಮೂಡುತ್ತಿದೆ, ಅದರ ಹಿಂದೆ, ಗಾಜಿನಾಚೆ, ಪರದೆಯ ಬೆಳಕು, ಅಲ್ಲಿ ಮುದುಕಿ ಎದ್ದಿದ್ದಾಳೆ, ಬಸ್ಸು ಹೊರಟಿದೆ, ಫೋನು ನಿಂತಿತು, ಎತ್ತಿದ ಕೈ, ಇಳಿದ ಗಲ್ಲ, ಬಿಚ್ಚದ ಗೆರೆ, ಎತ್ತಿದ ಕೈ, ಇಳಿದ ಗಲ್ಲ, ಆ ಗೆರೆ, ಆ ಗೆರೆ